ಸಿಗ್ನಲ್ ಜಂಪ್ ಹಿಡಿಯುವ ಕ್ಯಾಮೆರಾ ಮತ್ತು ಹಳದಿ ದೀಪದ ಮೂರು ಸೆಕೆಂಡು

ಸಿಗ್ನಲ್ ಕಂಬದ ಮೇಲಿರುವ ಕ್ಯಾಮೆರಾ ಸದಾ ಕಣ್ಣು ತೆರೆದು ಕುಳಿತಿರುತ್ತದೆ, ಕೂಡುರಸ್ತೆಯಲ್ಲಿ ನಡೆಯುವ ಎಲ್ಲವನ್ನೂ ನೋಡುತ್ತದೆ, ತಪ್ಪು ಕಂಡ ಕೂಡಲೇ ಫೋಟೊ ತೆಗೆಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಕೆಂಪು ದೀಪ ದಾಟುವವರನ್ನು ಹಿಡಿಯಲೆಂದೇ ರೂಪಿಸಿದ ವ್ಯವಸ್ಥೆಗೆ ಅಷ್ಟು ಕುತೂಹಲವಿಲ್ಲ. ಅದಕ್ಕೆ ಬೇಕಿರುವುದು ಎರಡು ಪ್ರಶ್ನೆಗಳ ಉತ್ತರ. ಈ ಕ್ಷಣ ಕೆಂಪು ದೀಪ ಉರಿಯುತ್ತಿದೆಯೇ? ನಿಲುಗಡೆ ಗೆರೆಯನ್ನು ಯಾವುದಾದರೂ ವಾಹನ ಈಗ ದಾಟುತ್ತಿದೆಯೇ? ಎರಡಕ್ಕೂ ಹೌದೆಂಬ ಉತ್ತರ ಬಂದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಹಸಿರು ಇರುವಾಗ ಅದರ ಕಣ್ಣೆದುರೇ ಅಡ್ಡಾದಿಡ್ಡಿ ಓಡಿಸಿಕೊಂಡು ಹೋದರೂ ಅದಕ್ಕೆ ಸಂಬಂಧವಿಲ್ಲ.

ಇಷ್ಟು ಸರಳವಾದ ಯಂತ್ರದ ಸುತ್ತ ಜಗತ್ತಿನಾದ್ಯಂತ ದಶಕಗಳಿಂದ ಜಗಳ ನಡೆದಿದೆ. ಒಂದು ಪಕ್ಷದವರಿಗೆ ಅದು ಪ್ರಾಣ ಉಳಿಸುವ ಸಾಧನ, ಇನ್ನೊಂದು ಪಕ್ಷದವರಿಗೆ ಬೊಕ್ಕಸ ತುಂಬಿಸುವ ಉಪಾಯ. ಹೊಸ ನಗರಗಳು ಕ್ಯಾಮೆರಾ ಹಾಕಿಸುತ್ತಿರುವಾಗಲೇ ಹಳೆಯ ನಗರಗಳು ಕೆಲವು ಅವನ್ನು ಬಿಚ್ಚಿಸುತ್ತಿವೆ. ನನಗನ್ನಿಸುವ ಮಟ್ಟಿಗೆ ಎರಡೂ ಪಕ್ಷದವರು ತಪ್ಪು ಪೆಟ್ಟಿಗೆಯನ್ನು ದಿಟ್ಟಿಸುತ್ತಿದ್ದಾರೆ. ಕಂಬದ ಮೇಲಿನ ಪೆಟ್ಟಿಗೆ ಸಾಕ್ಷಿ ನುಡಿಯುತ್ತದೆ, ಅಷ್ಟೆ. ತಪ್ಪು ಯಾವ ಕ್ಷಣದಿಂದ ಶುರುವಾಗುತ್ತದೆ ಎಂದು ತೀರ್ಮಾನಿಸುವುದು ರಸ್ತೆ ಬದಿಯಲ್ಲಿ ಬೀಗ ಹಾಕಿಕೊಂಡು ನಿಂತಿರುವ ಇನ್ನೊಂದು ಪೆಟ್ಟಿಗೆ, ಸಿಗ್ನಲ್ ನಿಯಂತ್ರಕ. ಅದರೊಳಗೆ ಹಳದಿ ದೀಪಕ್ಕೆ ಎಷ್ಟು ಸಮಯ ಕೊಟ್ಟಿದ್ದಾರೆ, ಆ ಸಮಯವನ್ನು ನಿಗದಿ ಮಾಡಿದವರು ಯಾರು, ದಂಡದ ಹಣ ಯಾರಿಗೆ ಹೋಗುತ್ತದೆ ಎಂಬುದನ್ನು ಕೇಳದೆ ಕ್ಯಾಮೆರಾ ಒಳ್ಳೆಯದೋ ಕೆಟ್ಟದೋ ಎಂದು ವಾದಿಸುವುದು ವ್ಯರ್ಥ.

ಈ ಕ್ಯಾಮೆರಾದ ಹುಟ್ಟಿನಲ್ಲಿ ಒಂದು ತಮಾಷೆ ಇದೆ. ಅದನ್ನು ರೂಪಿಸಿದವರು ನೆದರ್ಲೆಂಡ್ಸ್‌ನ ಮೌರಿಟ್ಸ್ ಗಾಟ್ಸೊನೀಡೆಸ್, 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಕಾರು ಓಟಗಾರ. ತಿರುವುಗಳಲ್ಲಿ ತಮ್ಮ ವೇಗವೆಷ್ಟು ಎಂದು ಅಳೆದು ಅದನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಲು ಅವರು ಮಾಡಿಕೊಂಡ ಉಪಕರಣವೇ ಮುಂದೆ ಜಗತ್ತಿನ ಚಾಲಕರ ವೇಗಕ್ಕೆ ಕಡಿವಾಣ ಹಾಕುವ ಉದ್ಯಮವಾಯಿತು. 1958ರಲ್ಲಿ ಅವರು ಕಟ್ಟಿದ ಕಂಪನಿ 1960ರ ದಶಕದಲ್ಲಿ ಕೆಂಪು ದೀಪದ ಕ್ಯಾಮೆರಾವನ್ನು ಹೊರತಂದಿತು. ಆಗ ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಸುತ್ತಿದ್ದರು. ಚಕ್ರ ಅದರ ಮೇಲೆ ಹತ್ತಿದಾಗ ಒಳಗಿನ ಗಾಳಿಯ ಒತ್ತಡ ಏರಿ ಕ್ಯಾಮೆರಾದ ಗುಂಡಿ ಒತ್ತಿದಂತಾಗುತ್ತಿತ್ತು. ಫಿಲ್ಮ್ ರೋಲ್ ಮುಗಿದಾಗ ಯಾರಾದರೂ ಏಣಿ ಹತ್ತಿ ಬದಲಿಸಬೇಕಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಚಿತ್ರಗಳು ತಂತಿಯ ಮೂಲಕ ನೇರವಾಗಿ ಸರ್ವರ್ ಸೇರಲಾರಂಭಿಸಿದವು, ಒಂದು ದಿನಕ್ಕೆ ಕಳಿಸಬಹುದಾದ ನೋಟಿಸ್‌ಗಳಿಗೆ ಮಿತಿಯೂ ಇಲ್ಲವಾಯಿತು.

ರಸ್ತೆಯೊಳಗಿನ ತಂತಿ

ವಾಹನ ಗೆರೆ ದಾಟಿತೆಂದು ತಿಳಿಯುವ ಹಳೆಯ, ಇಂದಿಗೂ ಬಹಳ ಕಡೆ ಬಳಕೆಯಲ್ಲಿರುವ ವಿಧಾನ ಇಂಡಕ್ಷನ್ ಲೂಪ್. ನಿಲುಗಡೆ ಗೆರೆಯ ಬಳಿ ಡಾಂಬರಿನಲ್ಲಿ ಕಟ್ಟರ್‌ನಿಂದ ಆಯತಾಕಾರದ ಗೆರೆ ಕೊರೆದು, ಅದರೊಳಗೆ ತಾಮ್ರದ ತಂತಿಯನ್ನು ಕೆಲವು ಸುತ್ತು ಸುತ್ತಿ, ಮೇಲೆ ಅಂಟು ಸುರಿದು ಮುಚ್ಚುತ್ತಾರೆ. ರಸ್ತೆಯ ಮೇಲೆ ಕಪ್ಪನೆಯ ಚೌಕದ ಗುರುತು ಕಂಡರೆ ಅದು ಹೆಚ್ಚಾಗಿ ಇದೇ. ತಂತಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ದಿಕ್ಕು ಬದಲಿಸುವ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ, ಸುತ್ತ ಒಂದು ಕಾಂತಕ್ಷೇತ್ರ ಏರ್ಪಡುತ್ತದೆ. ಲೋಹದ ವಾಹನ ಮೇಲೆ ಬಂದಾಗ ಆ ಕ್ಷೇತ್ರ ವಾಹನದ ತಳದಲ್ಲಿ ಸುಳಿ ಸುಳಿಯಾಗಿ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಆ ಸುಳಿಗಳು ಮೂಲ ಕ್ಷೇತ್ರವನ್ನೇ ಎದುರಿಸುವುದರಿಂದ ತಂತಿಸುರುಳಿಯ ಇಂಡಕ್ಟೆನ್ಸ್, ಅಂದರೆ ವಿದ್ಯುತ್ತಿನ ಬದಲಾವಣೆಯನ್ನು ತಡೆಯುವ ಗುಣ, ತುಸು ಕುಗ್ಗಿ, ಅದರ ಆವರ್ತನ ಏರುತ್ತದೆ. ರಸ್ತೆ ಬದಿಯ ಪೆಟ್ಟಿಗೆ ಗಮನಿಸುತ್ತಿರುವುದು ಈ ಏರಿಕೆಯನ್ನು.

ಲೂಪ್ ವಾಹನದ ತೂಕವನ್ನು ಅಳೆಯುತ್ತದೆ ಎಂಬುದು ಬಹಳ ಹಬ್ಬಿರುವ ತಪ್ಪು ಕಲ್ಪನೆ. ತೂಕದ ಮಾತೇ ಇಲ್ಲಿಲ್ಲ. ವಿದ್ಯುತ್ ಹರಿಯಬಲ್ಲ ಯಾವ ಲೋಹವಾದರೂ ಸಾಕು, ಅಲ್ಯೂಮಿನಿಯಂ ಕೂಡ ಆದೀತು. ಆದ್ದರಿಂದಲೇ ಎಂಟು ಟನ್ನಿನ ಲಾರಿಯ ಎತ್ತರದ ತಳಕ್ಕಿಂತ ನೆಲಕ್ಕೆ ಹತ್ತಿರವಿರುವ ಪುಟ್ಟ ಕಾರು ಹೆಚ್ಚು ಸ್ಪಷ್ಟವಾಗಿ ದಾಖಲಾಗಬಹುದು. ಬೈಕು, ಸೈಕಲ್‌ಗಳಲ್ಲಿ ಲೋಹ ಕಡಿಮೆ, ಅಗಲವೂ ಕಡಿಮೆ. ಸುರುಳಿಯ ನಡುಮಧ್ಯದಲ್ಲಿ ಹಾದುಹೋದರೆ ಅವು ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ದ್ವಿಚಕ್ರ ವಾಹನಗಳೇ ತುಂಬಿರುವ ರಸ್ತೆಗಳಿಗೆ ಈ ತಂತ್ರ ಸರಿಹೊಂದದಿರುವುದಕ್ಕೆ ಇದೂ ಒಂದು ಕಾರಣ.

ಒಂದೇ ಪಥದಲ್ಲಿ ಎರಡು ಲೂಪ್‌ಗಳನ್ನು ಒಂದರ ಹಿಂದೆ ಒಂದು ಹೂಳಿದರೆ ವೇಗವೂ ಸಿಗುತ್ತದೆ. ಎರಡರ ನಡುವೆ 2 ಮೀಟರ್ ಅಂತರವಿದ್ದು, ವಾಹನ ಅದನ್ನು 0.12 ಸೆಕೆಂಡಿನಲ್ಲಿ ಕ್ರಮಿಸಿದರೆ ಅದರ ವೇಗ ಗಂಟೆಗೆ 60 ಕಿಲೋಮೀಟರ್. ಈ ಲೆಕ್ಕ ವೇಗದ ದಂಡಕ್ಕಷ್ಟೇ ಅಲ್ಲ, ನಿಲ್ಲಲು ಹೊರಟವರನ್ನೂ ನುಗ್ಗಲು ಹೊರಟವರನ್ನೂ ಬೇರ್ಪಡಿಸುವುದಕ್ಕೂ ಬೇಕು. ಗೆರೆಯ ಬಳಿ ನಡಿಗೆಯ ವೇಗದಲ್ಲಿ ತೆವಳುತ್ತಿರುವ ಕಾರು ನಿಲ್ಲುವ ಸಂಭವವೇ ಹೆಚ್ಚು, ಆದ್ದರಿಂದ ನಿರ್ದಿಷ್ಟ ವೇಗಕ್ಕಿಂತ ಕೆಳಗಿರುವವರನ್ನು ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಹೊಂದಿಸಿರುತ್ತಾರೆ.

ಲೂಪ್‌ಗೆ ದೊಡ್ಡ ಶತ್ರು ರಸ್ತೆ ಅಗೆಯುವವರು. ಕೇಬಲ್‌ಗೋ ಪೈಪಿಗೋ ಗುಂಡಿ ತೋಡಿದಾಗ, ಹೊಸ ಡಾಂಬರು ಹಾಕಲು ಹಳೆಯ ಪದರ ಕೆರೆದಾಗ ತಂತಿ ತುಂಡಾಗುತ್ತದೆ. ಹಾಗಾಗಿ ಹೊಸ ವ್ಯವಸ್ಥೆಗಳು ನೆಲವನ್ನು ಬಿಟ್ಟು ಕಂಬ ಹತ್ತಿವೆ. ರೇಡಾರ್ ತನ್ನತ್ತ ಬರುತ್ತಿರುವ ಹತ್ತಾರು ವಾಹನಗಳ ದೂರ, ದಿಕ್ಕು, ವೇಗಗಳನ್ನು ಏಕಕಾಲಕ್ಕೆ ಹಿಂಬಾಲಿಸಬಲ್ಲದು. ಇನ್ನು ಕೆಲವು ವ್ಯವಸ್ಥೆಗಳು ವಿಡಿಯೊ ಚಿತ್ರದ ಮೇಲೆಯೇ ಕಾಲ್ಪನಿಕ ಗೆರೆ ಎಳೆದು, ಯಾವ ವಾಹನ ಅದನ್ನು ದಾಟಿತೆಂದು ಸಾಫ್ಟ್‌ವೇರ್‌ನಿಂದಲೇ ಪತ್ತೆ ಮಾಡುತ್ತವೆ. ಈಗ ಮಾರಾಟವಾಗುತ್ತಿರುವ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳು ಈ ಕೊನೆಯ ಜಾತಿಗೆ ಸೇರಿದವು. ಸೀಟ್ ಬೆಲ್ಟ್, ಹೆಲ್ಮೆಟ್, ಮೊಬೈಲ್ ಎಲ್ಲವನ್ನೂ ಗುರುತಿಸುತ್ತೇವೆ ಎನ್ನುತ್ತವೆ. ನೆರಳು, ಮಳೆ, ಎದುರಿನ ಬೆಳಕು, ಪಕ್ಕದ ಬಸ್ಸಿನ ಮರೆ ಇವೆಲ್ಲ ಅವುಗಳಿಗೆ ತೊಡಕು. ಹೂತ ತಂತಿಗೆ ಇವುಗಳ ಹಂಗಿರಲಿಲ್ಲ.

ಕೆಂಪು ದೀಪ ಹತ್ತಿದ ಸುದ್ದಿ ಕ್ಯಾಮೆರಾಕ್ಕೆ ತಲುಪುವ ದಾರಿ ಸರಳ: ಸಿಗ್ನಲ್ ನಿಯಂತ್ರಕದಿಂದ ಒಂದು ತಂತಿ, ಅಥವಾ ಕೆಂಪು ದೀಪಕ್ಕೆ ಹೋಗುವ ವಿದ್ಯುತ್ತನ್ನು ಗ್ರಹಿಸುವ ಸಂವೇದಕ, ಅಥವಾ ದೀಪವನ್ನೇ ನೋಡುತ್ತಿರುವ ಇನ್ನೊಂದು ಕ್ಯಾಮೆರಾ. ಸುದ್ದಿ ತಲುಪಿದ ಮರುಕ್ಷಣವೇ ಬೇಟೆ ಶುರುವಾಗುವುದಿಲ್ಲ. ನಡುವೆ ಸಣ್ಣದೊಂದು ರಿಯಾಯಿತಿ ಸಮಯ ಇರುತ್ತದೆ, ಸಾಮಾನ್ಯವಾಗಿ ಸೆಕೆಂಡಿನ ಒಂದರಿಂದ ಮೂರು ದಶಾಂಶದಷ್ಟು. ಷಿಕಾಗೊ ನಗರ ಇದನ್ನು 0.1 ಸೆಕೆಂಡಿಗೆ ಇಟ್ಟುಕೊಂಡಿತ್ತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಧ್ಯಯನದ ನಂತರ 2017ರಲ್ಲಿ 0.3ಕ್ಕೆ ಏರಿಸಿತು. ಕಣ್ಣು ಮಿಟುಕಿಸುವಷ್ಟು ಸಮಯ. ಅದರೊಳಗೆ ಎಷ್ಟೊಂದು ನೋಟಿಸ್‌ಗಳು ಅಡಗಿರಬಹುದು ಎಂಬುದಕ್ಕೆ ಮುಂದೆ ಬರುತ್ತೇನೆ.

ವಾಹನ ಗೆರೆ ದಾಟಿತೆಂದಾದಾಗ ಕ್ಯಾಮೆರಾ ಕನಿಷ್ಠ ಎರಡು ಚಿತ್ರ ತೆಗೆಯುತ್ತದೆ. ಇಡೀ ವ್ಯವಸ್ಥೆಯ ಜಾಣ್ಮೆ ಈ ಎರಡನೆಯ ಚಿತ್ರದಲ್ಲಿದೆ. ಮೊದಲನೆಯದರಲ್ಲಿ ವಾಹನ ಗೆರೆಯ ಹಿಂದೆ ಅಥವಾ ಗೆರೆಯ ಮೇಲೆ ಇರಬೇಕು, ಉರಿಯುತ್ತಿರುವ ಕೆಂಪು ದೀಪ ಅದೇ ಚೌಕಟ್ಟಿನಲ್ಲಿ ಕಾಣಬೇಕು. ಅರ್ಧ ಸೆಕೆಂಡೋ ಒಂದು ಸೆಕೆಂಡೋ ಕಳೆದ ಮೇಲೆ ಬರುವ ಎರಡನೆಯದರಲ್ಲಿ ಅದೇ ವಾಹನ ಕೂಡುರಸ್ತೆಯ ಮಧ್ಯದಲ್ಲಿರಬೇಕು. ಹೀಗಾಗಿ ಹಳದಿಯಲ್ಲೇ ಒಳಹೊಕ್ಕು, ಮುಂದಿನ ದಟ್ಟಣೆಯಿಂದ ನಡುವೆ ಸಿಕ್ಕಿಕೊಂಡಾಗ ಕೆಂಪು ಬಂದರೆ ಈ ಲೆಕ್ಕದಲ್ಲಿ ಅದು ಸಿಗ್ನಲ್ ಜಂಪ್ ಆಗುವುದಿಲ್ಲ. ಗೆರೆಯನ್ನು ಒಂದು ಮೀಟರ್ ದಾಟಿ ಬ್ರೇಕ್ ಹಾಕಿ ನಿಂತವರ ಮೊದಲ ಚಿತ್ರ ದಾಖಲಾಗಬಹುದು, ಆದರೆ ಎರಡನೆಯ ಚಿತ್ರದಲ್ಲಿ ವಾಹನ ಅಲ್ಲೇ ಇರುವುದರಿಂದ ಪ್ರಕರಣ ನಿಲ್ಲುವುದಿಲ್ಲ. ಈಗಿನ ವ್ಯವಸ್ಥೆಗಳಲ್ಲಿ ಇದರ ಜೊತೆಗೆ ಹತ್ತು ಹನ್ನೆರಡು ಸೆಕೆಂಡಿನ ವಿಡಿಯೊ ತುಣುಕೂ ಇರುತ್ತದೆ.

ಚಿತ್ರದ ಅಂಚಿನಲ್ಲಿ ಅಕ್ಷರಗಳ ಒಂದು ಪಟ್ಟಿ ಮುದ್ರಿತವಾಗುತ್ತದೆ. ದಿನಾಂಕ, ಸಮಯ, ಸ್ಥಳ, ಪಥ, ವೇಗ, ಕೆಂಪು ಹತ್ತಿ ಎಷ್ಟು ಸೆಕೆಂಡಾಗಿತ್ತು, ಅದಕ್ಕೂ ಮೊದಲು ಹಳದಿ ಎಷ್ಟು ಹೊತ್ತು ಉರಿದಿತ್ತು. ನೋಟಿಸ್ ಬಂದವರು ತಮ್ಮ ಕಾರಿನ ಹಿಂಬದಿಯನ್ನೇ ದಿಟ್ಟಿಸಿ ಬೇಸರಪಟ್ಟುಕೊಳ್ಳುತ್ತಾರೆಯೇ ಹೊರತು ಈ ಪಟ್ಟಿಯನ್ನು ಓದುವವರು ಕಡಿಮೆ. ವಾದಿಸಲು ಏನಾದರೂ ಇದ್ದರೆ ಅದು ಇರುವುದು ಕೊನೆಯ ಆ ಎರಡು ಅಂಕಿಗಳಲ್ಲಿ.

ನಂಬರ್ ಪ್ಲೇಟ್ ಓದುವುದು ಬೇರೆಯೇ ಹಂತ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ಲೇಪನ ಪ್ಲೇಟ್‌ಗೆ ಇರುವುದರಿಂದ ಇನ್‌ಫ್ರಾರೆಡ್ ದೀಪದಲ್ಲಿ ಅದು ಕತ್ತಲಲ್ಲೂ ಬೆಳ್ಳಗೆ ಹೊಳೆಯುತ್ತದೆ. ಸಾಫ್ಟ್‌ವೇರ್ ಪ್ಲೇಟ್ ಇರುವ ಜಾಗವನ್ನು ಹುಡುಕಿ, ಓರೆಯಾಗಿದ್ದರೆ ನೆಟ್ಟಗೆ ಮಾಡಿ, ಅಕ್ಷರಗಳನ್ನು ಬಿಡಿಸಿ ಒಂದೊಂದನ್ನೇ ಗುರುತಿಸುತ್ತದೆ. ಸೊನ್ನೆಗೂ ಇಂಗ್ಲಿಷಿನ ‘ಓ’ಗೂ, ಎಂಟಕ್ಕೂ ‘ಬಿ’ಗೂ ಗೊಂದಲವಾಗುವುದು ಇಲ್ಲಿಯೇ. ಮಾಡದ ತಪ್ಪಿಗೆ ಬೇರೆ ಊರಿನ ಯಾರಿಗೋ ನೋಟಿಸ್ ಹೋಗುವ ಪ್ರಕರಣಗಳ ಮೂಲವೂ ಹೆಚ್ಚಾಗಿ ಇದೇ. ಆದ್ದರಿಂದ ಸರಿಯಾಗಿ ನಡೆಯುವ ವ್ಯವಸ್ಥೆಯಲ್ಲಿ ಯಂತ್ರ ಆರಿಸಿದ ಚಿತ್ರವನ್ನು ಮನುಷ್ಯರು ಪರಿಶೀಲಿಸುತ್ತಾರೆ. ಮೊದಲು ಗುತ್ತಿಗೆ ಕಂಪನಿಯ ಸಿಬ್ಬಂದಿ, ನಂತರ ಪೊಲೀಸ್ ಅಧಿಕಾರಿ. ಆಂಬುಲೆನ್ಸ್‌ಗೆ ದಾರಿ ಬಿಟ್ಟವರು, ಪೊಲೀಸರೇ ಕೈ ಸನ್ನೆ ಮಾಡಿ ಮುಂದೆ ಕಳಿಸಿದವರು, ಶವಯಾತ್ರೆಯ ಸಾಲಿನಲ್ಲಿದ್ದವರು ಈ ಜರಡಿಯಲ್ಲಿ ಹೊರಬೀಳಬೇಕು. ಪರಿಶೀಲನೆ ನಿಜವಾಗಿ ನಡೆಯುತ್ತಿದೆಯೇ ಅಥವಾ ಒಬ್ಬ ಅಧಿಕಾರಿ ಗಂಟೆಗೆ ನೂರಾರು ಚಿತ್ರಗಳಿಗೆ ಒಪ್ಪಿಗೆ ಒತ್ತುತ್ತಿದ್ದಾರೆಯೇ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.

ಚಿತ್ರದಲ್ಲಿರುವುದು ವಾಹನ, ತಪ್ಪು ಮಾಡಿದವರು ಚಾಲಕರು. ಈ ಬಿರುಕನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಮುಚ್ಚಿವೆ. ಅಮೆರಿಕದ ಅನೇಕ ರಾಜ್ಯಗಳು ಪಾರ್ಕಿಂಗ್ ದಂಡದಂತೆ ಮಾಲೀಕರ ಮೇಲೆಯೇ ಹೊರಿಸುತ್ತವೆ. ಕ್ಯಾಲಿಫೋರ್ನಿಯಾ ಬಹುಕಾಲ ಚಾಲಕರ ಮುಖವೂ ಬೇಕು ಎನ್ನುತ್ತಿದ್ದುದರಿಂದ ಅಲ್ಲಿ ಮುಂಭಾಗದ ಚಿತ್ರ ಅನಿವಾರ್ಯವಾಗಿತ್ತು. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯ 172ನೇ ಕಲಮಿನ ಪ್ರಕಾರ ಆಗ ಗಾಡಿ ಓಡಿಸುತ್ತಿದ್ದವರು ಯಾರೆಂದು ಮಾಲೀಕರು ಹೇಳಲೇಬೇಕು, ಹೇಳದಿರುವುದೇ ಪ್ರತ್ಯೇಕ ಅಪರಾಧ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾದ ಒತ್ತಾಯ ಇದು ಎಂದು ಹೋದ ದೂರನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ತಳ್ಳಿಹಾಕಿತು. ಅಮೆರಿಕದ ಮಿಸೌರಿ ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಓಡಿಸಿದ್ದು ತಾನಲ್ಲವೆಂದು ಮಾಲೀಕರೇ ಸಾಬೀತು ಮಾಡಬೇಕೆಂಬ ಸೇಂಟ್ ಲೂಯಿಸ್ ನಗರದ ನಿಯಮವನ್ನು ಅದು ಅಸಾಂವಿಧಾನಿಕ ಎಂದಿತು.

ನಿಲ್ಲಲೂ ಆಗದ, ದಾಟಲೂ ಆಗದ ಜಾಗ

ಈಗ ಹಳದಿ ದೀಪಕ್ಕೆ ಬರೋಣ. ಇಡೀ ವಿವಾದದ ಗಂಟು ಇಲ್ಲಿದೆ.

1960ರಲ್ಲಿ ಜನರಲ್ ಮೋಟರ್ಸ್‌ನ ಸಂಶೋಧನಾಲಯದ ಡೆನೋಸ್ ಗಾಜಿಸ್, ರಾಬರ್ಟ್ ಹರ್ಮನ್, ಅಲೆಕ್ಸೈ ಮಾರಾಡುಡಿನ್ ಎಂಬ ಮೂವರು ಹಳದಿ ದೀಪದ ಅವಧಿ ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ಗಣಿತಕ್ಕೆ ಇಳಿಸಿದರು. ಹಳದಿ ಕಂಡು ನಿರ್ಧಾರ ಮಾಡಲು ಚಾಲಕರಿಗೆ ಸುಮಾರು 1 ಸೆಕೆಂಡು ಬೇಕು. ನಂತರ ಹಿತಮಿತವಾಗಿ ಬ್ರೇಕ್ ಹಾಕಿದರೆ ವಾಹನದ ವೇಗ ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 3.05 ಮೀಟರ್‌ನಷ್ಟು ಕುಗ್ಗುತ್ತದೆ. ಈ ಎರಡು ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದರೆ ಗಂಟೆಗೆ 50 ಕಿಲೋಮೀಟರ್ ವೇಗದ ರಸ್ತೆಗೆ ಸುಮಾರು 3.3 ಸೆಕೆಂಡು, 60ಕ್ಕೆ 3.7 ಸೆಕೆಂಡು, 80ಕ್ಕೆ 4.6 ಸೆಕೆಂಡು ಹಳದಿ ಬೇಕಾಗುತ್ತದೆ. ಇಳಿಜಾರಿದ್ದರೆ ಇನ್ನೂ ಹೆಚ್ಚು.

ಕಡಿಮೆ ಕೊಟ್ಟರೆ ಏನಾಗುತ್ತದೆ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಚಾಲಕರಿಗೆ ನೆಮ್ಮದಿಯಾಗಿ ನಿಲ್ಲಲು ಸುಮಾರು 62 ಮೀಟರ್ ಬೇಕು. ಹಳದಿ 3 ಸೆಕೆಂಡು ಮಾತ್ರ ಇದ್ದರೆ ಅದೇ ವೇಗದಲ್ಲಿ ಅವರು ಕ್ರಮಿಸಬಲ್ಲದ್ದು 50 ಮೀಟರ್. ಅಂದರೆ ಗೆರೆಯಿಂದ 50 ಮತ್ತು 62 ಮೀಟರ್‌ಗಳ ನಡುವೆ ಇರುವಾಗ ಹಳದಿ ಹತ್ತಿದವರು ನಿಲ್ಲಲೂ ಆಗದು, ಕೆಂಪಿಗೆ ಮೊದಲು ದಾಟಲೂ ಆಗದು. ಈ 12 ಮೀಟರ್ ಜಾಗದಲ್ಲಿ ವೇಗಮಿತಿಯನ್ನು ಪಾಲಿಸುತ್ತಿರುವ, ಎಚ್ಚರವಾಗಿರುವ, ಸರಿಯಾದ ಬ್ರೇಕ್ ಇರುವ ಚಾಲಕರೂ ತಪ್ಪಿತಸ್ಥರಾಗುತ್ತಾರೆ, ಇಲ್ಲವೇ ಜೋರಾಗಿ ಬ್ರೇಕ್ ಒತ್ತಿ ಹಿಂದಿನವರಿಂದ ಗುದ್ದಿಸಿಕೊಳ್ಳುತ್ತಾರೆ. ಸಂಚಾರ ಎಂಜಿನಿಯರುಗಳು ಇದನ್ನು ಇಕ್ಕಟ್ಟಿನ ವಲಯ ಎನ್ನುತ್ತಾರೆ. ಕ್ಯಾಮೆರಾ ಇಲ್ಲದ ಕಡೆ ಈ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ, ಜನ ಅರ್ಧ ಸೆಕೆಂಡು ತಡವಾಗಿ ದಾಟಿ ಹೋಗುತ್ತಿರುತ್ತಾರೆ. ಕ್ಯಾಮೆರಾ ಹಾಕಿದ ದಿನದಿಂದ ಆ ಅರ್ಧ ಸೆಕೆಂಡಿಗೆ ಬೆಲೆ ಬರುತ್ತದೆ.

ಷಿಕಾಗೊದಲ್ಲಿ ಆ ಬೆಲೆ ಎಷ್ಟೆಂದು ಬಯಲಾಯಿತು. ಅಲ್ಲಿ ಹಳದಿ ಕನಿಷ್ಠ 3 ಸೆಕೆಂಡು ಇರಬೇಕಿತ್ತು. ವಿದ್ಯುತ್ ಪೂರೈಕೆಯ ಸಣ್ಣ ಏರುಪೇರಿನಿಂದ ಕೆಲವೊಮ್ಮೆ ಅದು 2.9 ಎಂದು ದಾಖಲಾಗುತ್ತಿತ್ತು. 2014ರಲ್ಲಿ ಕ್ಯಾಮೆರಾ ಗುತ್ತಿಗೆ ಬೇರೆ ಕಂಪನಿಗೆ ಬದಲಾದಾಗ, ಅಂಥ ಪ್ರಕರಣಗಳಿಗೂ ನೋಟಿಸ್ ಕೊಡಬಹುದೆಂದು ಆಡಳಿತ ಹೊಸ ಕಂಪನಿಗೆ ತಿಳಿಸಿತು. ನಗರಾಡಳಿತದ ಮೇಲೆ ನಿಗಾ ಇಡುವ ಇನ್‌ಸ್ಪೆಕ್ಟರ್ ಜನರಲ್ ಅವರ ವರದಿಯ ಪ್ರಕಾರ ಸೆಕೆಂಡಿನ ಹತ್ತನೇ ಒಂದು ಭಾಗದ ಈ ಬದಲಾವಣೆಯಿಂದ ಹುಟ್ಟಿದ ನೋಟಿಸ್‌ಗಳು ಸುಮಾರು 77,000, ದಂಡದ ಮೊತ್ತ 77 ಲಕ್ಷ ಡಾಲರ್‌ನಷ್ಟು. ಟೀಕೆ ಬಂದ ಮೇಲೆ ಈ ಪದ್ಧತಿಯನ್ನು ಕೈಬಿಟ್ಟರು.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ಫಿಲಡೆಲ್ಫಿಯಾ. ಅಲ್ಲಿ ಸಂಶೋಧಕರು ಕೆಲಸವನ್ನು ಎರಡು ಹೆಜ್ಜೆಗಳಲ್ಲಿ ಮಾಡಿ ನೋಡಿದರು. ಮೊದಲು ಹಳದಿಯನ್ನು ಸುಮಾರು 1 ಸೆಕೆಂಡು ಹೆಚ್ಚಿಸಿದರು, ಬೇರೇನನ್ನೂ ಮುಟ್ಟಲಿಲ್ಲ. ಸಿಗ್ನಲ್ ಜಂಪ್ ಪ್ರಕರಣಗಳು 36 ಶೇಕಡಾ ಇಳಿದವು. ನಂತರ ಕ್ಯಾಮೆರಾ ಹಾಕಿದರು. ಉಳಿದಿದ್ದ ಪ್ರಕರಣಗಳಲ್ಲಿ 96 ಶೇಕಡಾ ಮಾಯವಾದವು. ಹಳದಿ ಸಾಕಷ್ಟಿದ್ದರೆ ಕ್ಯಾಮೆರಾ ಬೇಡವೆನ್ನುವವರಿಗೂ, ಕ್ಯಾಮೆರಾ ಇದ್ದರೆ ಹಳದಿಯ ಚಿಂತೆ ಬೇಡವೆನ್ನುವವರಿಗೂ ಈ ಪ್ರಯೋಗ ಅನುಕೂಲಕರವಲ್ಲ. ಹೆಜ್ಜೆಗಳ ಕ್ರಮ ನನಗೆ ಮುಖ್ಯವಾಗಿ ಕಾಣುತ್ತದೆ. ಮೊದಲು ಪ್ರಾಮಾಣಿಕ ಚಾಲಕರನ್ನು ಬಲೆಯಿಂದ ಹೊರಗಿಟ್ಟರು, ಆಮೇಲೆ ಬಲೆ ಬೀಸಿದರು.

ಸೂತ್ರವೇ ಅಪೂರ್ಣ ಎಂದು ತೋರಿಸಿದವರೂ ಇದ್ದಾರೆ. ಗಾಜಿಸ್ ಮತ್ತು ಜೊತೆಗಾರರ ಲೆಕ್ಕ ನೇರವಾಗಿ ಹೋಗುವ ವಾಹನಗಳದ್ದು. ತಿರುಗುವವರು ಗೆರೆಯ ಬಳಿ ವೇಗ ಇಳಿಸಲೇಬೇಕು, ಹಾಗಾಗಿ ಅವರಿಗೆ ಇನ್ನೂ ಹೆಚ್ಚು ಹಳದಿ ಬೇಕು. ಅಮೆರಿಕದ ಆರೆಗನ್ ರಾಜ್ಯದ ಬೀವರ್ಟನ್‌ನಲ್ಲಿ ನೆಲೆಸಿದ ಸ್ವೀಡನ್ ಮೂಲದ ಮ್ಯಾಟ್ಸ್ ಯಾರ್ಲ್‌ಸ್ಟ್ರಾಮ್, ಮನೆಗೆ ಬಂದ ಒಂದು ಕ್ಯಾಮೆರಾ ನೋಟಿಸ್‌ನಿಂದ ಈ ಲೆಕ್ಕದ ಬೆನ್ನು ಹತ್ತಿ ಸೂತ್ರವನ್ನು ವಿಸ್ತರಿಸಿದರು. ರಾಜ್ಯದ ಎಂಜಿನಿಯರಿಂಗ್ ಮಂಡಳಿ ಅವರ ಲೆಕ್ಕ ತಪ್ಪೆಂದು ಹೇಳಲಿಲ್ಲ. ಪರವಾನಗಿ ಇಲ್ಲದೆ ಎಂಜಿನಿಯರಿಂಗ್ ಮಾಡಿದ್ದಕ್ಕೆ 500 ಡಾಲರ್ ದಂಡ ಹಾಕಿತು! ಅವರು ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿ 2018ರಲ್ಲಿ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಗೆದ್ದರು. 2020ರಲ್ಲಿ ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಹೊರತಂದ ಹೊಸ ಮಾರ್ಗಸೂಚಿಯಲ್ಲಿ ತಿರುಗುವ ವಾಹನಗಳಿಗೆ ಆ ವಿಸ್ತೃತ ಸೂತ್ರ ಸೇರಿತು.

ಅಪಘಾತದ ಲೆಕ್ಕ

ಕ್ಯಾಮೆರಾದಿಂದ ಅಪಘಾತ ಕಡಿಮೆಯಾಗುತ್ತದೆಯೇ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ, ಏಕೆಂದರೆ ಕೂಡುರಸ್ತೆಯ ಅಪಘಾತಗಳಲ್ಲಿ ಎರಡು ಬಗೆ. ಒಂದು, ಕೆಂಪಿನಲ್ಲಿ ನುಗ್ಗಿದ ವಾಹನ ಅಡ್ಡ ಬರುವ ವಾಹನದ ಬದಿಗೆ ಗುದ್ದುವುದು. ಕಾರಿನ ಬದಿಯಲ್ಲಿ ಪ್ರಯಾಣಿಕರಿಗೂ ಹೊರಗಿನ ಲೋಹಕ್ಕೂ ನಡುವೆ ಒಂದು ಬಾಗಿಲಿನ ದಪ್ಪ ಮಾತ್ರ ಇರುವುದರಿಂದ ಇದರಲ್ಲಿ ಸಾಯುವವರು ಹೆಚ್ಚು. ಇನ್ನೊಂದು, ಮುಂದಿನವರು ಹಠಾತ್ತನೆ ನಿಂತಾಗ ಹಿಂದಿನವರು ಬಂದು ಗುದ್ದುವುದು. ಕ್ಯಾಮೆರಾ ಮೊದಲನೆಯದನ್ನು ತಗ್ಗಿಸುತ್ತದೆ, ಎರಡನೆಯದನ್ನು ಏರಿಸುತ್ತದೆ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತಕ್ಕಾಗಿ ನಡೆದ, ಏಳು ಪ್ರದೇಶಗಳ 132 ಕೂಡುರಸ್ತೆಗಳನ್ನು ಒಳಗೊಂಡ 2005ರ ಅಧ್ಯಯನದಲ್ಲಿ ಬದಿ ಗುದ್ದುವ ಅಪಘಾತಗಳು 24.6 ಶೇಕಡಾ ಇಳಿದಿದ್ದವು, ಹಿಂದಿನಿಂದ ಗುದ್ದುವವು 14.9 ಶೇಕಡಾ ಏರಿದ್ದವು. ಗಾಯಗಳ ತೀವ್ರತೆಯನ್ನು ಹಣಕ್ಕೆ ಪರಿವರ್ತಿಸಿ ತೂಗಿದಾಗ ಒಟ್ಟಿನಲ್ಲಿ ಲಾಭವೇ ಕಂಡಿತು, ಆದರೆ ಅದು ಅಂಥ ದೊಡ್ಡ ಲಾಭವಾಗಿರಲಿಲ್ಲ.

ಹ್ಯೂಸ್ಟನ್‌ನ ಅನುಭವ ಇನ್ನೂ ಪೇಚಿನದ್ದು. 2010ರ ನವೆಂಬರಿನಲ್ಲಿ ಅಲ್ಲಿನ ಮತದಾರರು ಜನಮತದ ಮೂಲಕ ಕ್ಯಾಮೆರಾಗಳನ್ನು ತೆಗೆಸಿದರು. ತೆಗೆಸಿದ್ದು ಅಪಘಾತದ ಅಂಕಿಗಳನ್ನು ನೋಡಿ ಅಲ್ಲವಾದ್ದರಿಂದ ಸಂಶೋಧಕರಿಗೆ ಇದು ಸಹಜ ಪ್ರಯೋಗವಾಗಿ ಒದಗಿತು. ಜಸ್ಟಿನ್ ಗ್ಯಾಲಗರ್ ಮತ್ತು ಪಾಲ್ ಫಿಶರ್ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕ್ಯಾಮೆರಾ ಹೋದ ಮೇಲೆ ಬದಿ ಗುದ್ದುವ ಅಪಘಾತಗಳು 26 ಶೇಕಡಾ ಏರಿದವು, ಉಳಿದ ಬಗೆಯವು 18 ಶೇಕಡಾ ಇಳಿದವು. ಒಟ್ಟು ಅಪಘಾತಗಳಲ್ಲಾಗಲಿ ಗಾಯಗೊಂಡವರ ಸಂಖ್ಯೆಯಲ್ಲಾಗಲಿ ಕ್ಯಾಮೆರಾದಿಂದ ಇಳಿಕೆಯಾಗಿತ್ತು ಎನ್ನಲು ಆಧಾರ ಸಿಗಲಿಲ್ಲ. ಇನ್ನೊಂದು ಕಡೆ, ವಿಮಾ ಕಂಪನಿಗಳ ನೆರವಿನ ಹೆದ್ದಾರಿ ಸುರಕ್ಷತಾ ಸಂಸ್ಥೆ, ಕ್ಯಾಮೆರಾ ನಿಲ್ಲಿಸಿದ 14 ದೊಡ್ಡ ನಗರಗಳನ್ನು ನೋಡಿ, ಉಳಿಸಿಕೊಂಡಿದ್ದರೆ ಇರಬಹುದಾಗಿದ್ದಕ್ಕಿಂತ ಕೆಂಪು ದೀಪ ದಾಟಿದ್ದರಿಂದಾದ ಮಾರಣಾಂತಿಕ ಅಪಘಾತಗಳ ಪ್ರಮಾಣ 30 ಶೇಕಡಾ ಹೆಚ್ಚಿತ್ತು ಎಂದಿತು. ಎರಡೂ ಫಲಿತಾಂಶಗಳು ಒಟ್ಟಿಗೆ ನಿಜವಾಗಬಹುದು. ಒಂದು ಎಲ್ಲ ಅಪಘಾತಗಳನ್ನು ಎಣಿಸಿತು, ಇನ್ನೊಂದು ಒಂದೇ ಬಗೆಯ ಸಾವುಗಳನ್ನು ಎಣಿಸಿತು. ಯಾವುದನ್ನು ಎಣಿಸಬೇಕೆಂದು ನಿರ್ಧರಿಸುವವರೇ ಅರ್ಧ ವಾದ ಗೆದ್ದಿರುತ್ತಾರೆ.

ನಗರಾಡಳಿತಗಳು ಹೊರಡಿಸುವ ಅಂಕಿಗಳ ಬಗ್ಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಕ್ಯಾಮೆರಾ ಹಾಕುವುದು ಕಳೆದ ಒಂದೆರಡು ವರ್ಷಗಳಲ್ಲಿ ಅಪಘಾತ ಹೆಚ್ಚಾದ ಕಡೆ. ಅಂಥ ಏರಿಕೆಯಲ್ಲಿ ಒಂದು ಪಾಲು ಆಕಸ್ಮಿಕ, ಮರುವರ್ಷ ತಾನಾಗಿಯೇ ಸರಾಸರಿಗೆ ಇಳಿಯುತ್ತದೆ. ಜ್ವರ ತುತ್ತತುದಿಗೆ ಏರಿದ ದಿನ ಕೊಟ್ಟ ಕಷಾಯಕ್ಕೆ ಮರುದಿನದ ಇಳಿಕೆಯ ಕೀರ್ತಿ ಸಲ್ಲುವ ಹಾಗೆ, ಆ ಇಳಿಕೆಯೂ ಕ್ಯಾಮೆರಾದ ಖಾತೆಗೆ ಜಮೆಯಾಗುತ್ತದೆ. ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2005ರ ಸಮೀಕ್ಷೆ ಹಳೆಯ ಅಧ್ಯಯನಗಳಲ್ಲಿ ಹೆಚ್ಚಿನವು ಈ ಅಂಶವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಆಕ್ಷೇಪಿಸಿತ್ತು. ಕ್ಯಾಮೆರಾ ಪರವಾಗಿಯೂ ಒಂದು ಮಾತು ಹೇಳಬೇಕು. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ ಸಿಗ್ನಲ್ ಇದ್ದ 125 ಕೂಡುರಸ್ತೆಗಳ ಪೈಕಿ 11ರಲ್ಲಿ ಮಾತ್ರ ಕ್ಯಾಮೆರಾ ಇದ್ದರೂ, ಊರಿನ ಸಿಗ್ನಲ್‌ಗಳಲ್ಲೆಲ್ಲ ಗಾಯಗಳಾಗುವ ಅಪಘಾತಗಳು 29 ಶೇಕಡಾ ಇಳಿದವು. ಯಾವ ಸಿಗ್ನಲ್‌ನಲ್ಲಿ ಕ್ಯಾಮೆರಾ ಇದೆಯೆಂದು ನೆನಪಿಟ್ಟುಕೊಳ್ಳುವ ಗೋಜು ಬೇಡವೆಂದು ಜನ ಎಲ್ಲ ಕಡೆಯೂ ನಿಂತರು.

ಸಿಕ್ಕಿಬೀಳುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಸಿಗ್ನಲ್ ಜಂಪ್‌ಗಳಲ್ಲಿ ಹೆಚ್ಚಿನವು ಕೆಂಪು ಹತ್ತಿದ ಮೊದಲ ಒಂದು ಸೆಕೆಂಡಿನೊಳಗೆ ನಡೆಯುತ್ತವೆ. ಆಗ ಅನೇಕ ಕೂಡುರಸ್ತೆಗಳಲ್ಲಿ ಎಲ್ಲ ದಿಕ್ಕಿಗೂ ಕೆಂಪೇ ಇರುತ್ತದೆ, ಅಡ್ಡ ರಸ್ತೆಯವರು ಇನ್ನೂ ಕದಲಿರುವುದಿಲ್ಲ. ಎದೆ ಝಲ್ಲೆನಿಸುವ ಅಪಘಾತಗಳು ನಡೆಯುವುದು ಕೆಂಪು ಹತ್ತಿ ಹಲವು ಸೆಕೆಂಡು ಕಳೆದ ಮೇಲೆ, ಕುಡಿದವರು, ನಿದ್ದೆಗಣ್ಣಿನವರು, ಮೊಬೈಲ್ ನೋಡುತ್ತಿದ್ದವರು ದೀಪವನ್ನೇ ಗಮನಿಸದೆ ನುಗ್ಗಿದಾಗ. ಮೊದಲ ಗುಂಪಿನವರು ದಂಡಕ್ಕೆ ಹೆದರುತ್ತಾರೆ. ಎರಡನೆಯ ಗುಂಪಿನವರಿಗೆ ಕೆಂಪು ದೀಪವೇ ಕಂಡಿಲ್ಲ, ಕ್ಯಾಮೆರಾ ಎಲ್ಲಿ ಕಂಡೀತು? ಆದಾಯವೆಲ್ಲ ಮೊದಲ ಗುಂಪಿನಿಂದ, ಸಾವುಗಳಲ್ಲಿ ಬಹುಪಾಲು ಎರಡನೆಯ ಗುಂಪಿನಿಂದ.

ಹಣದ ವಿಷಯವನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಕ್ಯಾಮೆರಾ ಹಾಕುವುದು, ನೋಡಿಕೊಳ್ಳುವುದು, ಚಿತ್ರ ಆರಿಸುವುದು ಬಹುತೇಕ ಕಡೆ ಖಾಸಗಿ ಕಂಪನಿಯ ಕೆಲಸ. ಪ್ರತಿ ನೋಟಿಸ್‌ಗೆ ಇಷ್ಟು ಎಂದು ಪಾವತಿ ಮಾಡುವ ಒಪ್ಪಂದದಲ್ಲಿ, ತಪ್ಪುಗಳು ಕಡಿಮೆಯಾದಷ್ಟೂ ಕಂಪನಿಗೆ ನಷ್ಟ. ಕ್ಯಾಲಿಫೋರ್ನಿಯಾ 2004ರಿಂದ ಹೊಸ ಒಪ್ಪಂದಗಳಲ್ಲಿ ಇಂಥ ಪಾವತಿಯನ್ನು ನಿಷೇಧಿಸಿತು, ತಿಂಗಳಿಗೆ ಇಷ್ಟೆಂದು ನಿಗದಿತ ಶುಲ್ಕ ಕೊಡಬೇಕೆಂದಿತು. ಲಂಚದ ದಾರಿ ಇದರಿಂದ ಮುಚ್ಚುವುದಿಲ್ಲ. ಷಿಕಾಗೊದ ಗುತ್ತಿಗೆಯನ್ನು ರೆಡ್‌ಫ್ಲೆಕ್ಸ್ ಕಂಪನಿಗೆ ದೊರಕಿಸಿಕೊಟ್ಟು, ಕ್ಯಾಮೆರಾಗಳ ಸಂಖ್ಯೆ ಬೆಳೆಸಿದ್ದಕ್ಕೆ ಲಂಚ ಪಡೆದ ಮಾಜಿ ಅಧಿಕಾರಿ ಜಾನ್ ಬಿಲ್ಸ್‌ಗೆ 2016ರಲ್ಲಿ 10 ವರ್ಷ ಜೈಲಾಯಿತು, ಕಂಪನಿಯ ಮಾಜಿ ಮುಖ್ಯಸ್ಥೆಗೂ ಶಿಕ್ಷೆಯಾಯಿತು. 2019ರಲ್ಲಿ ಟೆಕ್ಸಸ್ ರಾಜ್ಯ ಕೆಂಪು ದೀಪದ ಕ್ಯಾಮೆರಾಗಳನ್ನೇ ಕಾನೂನಿನಿಂದ ನಿಷೇಧಿಸಿತು.

ಇದೇ ಸಂವೇದಕಗಳಿಂದ ಇನ್ನೊಂದು ಕೆಲಸವನ್ನೂ ಮಾಡಿಸಬಹುದು, ಅದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಗೆರೆಯಿಂದ ಹತ್ತಾರು ಮೀಟರ್ ದೂರದಲ್ಲೇ ವಾಹನದ ವೇಗವನ್ನು ಹಿಂಬಾಲಿಸುವ ರೇಡಾರ್‌ಗೆ, ಇದು ನಿಲ್ಲುವ ವಾಹನವಲ್ಲ ಎಂಬುದು ಗೆರೆ ದಾಟುವ ಮೊದಲೇ ತಿಳಿದಿರುತ್ತದೆ. ಆ ಕ್ಷಣದಲ್ಲಿ ನಿಯಂತ್ರಕಕ್ಕೆ ಸಂದೇಶ ಹೋದರೆ ಎಲ್ಲ ದಿಕ್ಕಿನ ಕೆಂಪನ್ನು ಒಂದೆರಡು ಸೆಕೆಂಡು ಹಿಗ್ಗಿಸಿ, ಅಡ್ಡ ರಸ್ತೆಯವರಿಗೆ ಹಸಿರು ಕೊಡುವುದನ್ನು ತಡೆಹಿಡಿಯಬಹುದು. ನುಗ್ಗಿದವರು ಖಾಲಿ ಕೂಡುರಸ್ತೆಯನ್ನು ದಾಟಿಕೊಂಡು ಹೋಗುತ್ತಾರೆ. ಅಡ್ಡ ರಸ್ತೆಗೆ ಆಗಲೇ ಹಸಿರು ಹತ್ತಿದ್ದರೆ ಇದರಿಂದ ಉಪಯೋಗವಿಲ್ಲ, ಆದರೆ ದೀಪ ಬದಲಾಗುವ ಹೊತ್ತಿನ ಅಪಘಾತಗಳನ್ನು ಇದು ತಡೆಯಬಲ್ಲದು. ತಂತ್ರಜ್ಞಾನ ಹೊಸದೇನಲ್ಲ, ಕೆಲವು ಕಡೆ ಬಳಕೆಯಲ್ಲೂ ಇದೆ. ಆದರೆ ಅದರಿಂದ ಒಂದೂ ನೋಟಿಸ್ ಹುಟ್ಟುವುದಿಲ್ಲ. ಕ್ಯಾಮೆರಾದ ಖರ್ಚನ್ನು ದಂಡವೇ ತೀರಿಸಿಕೊಳ್ಳುತ್ತದೆ, ಇದರ ಖರ್ಚನ್ನು ನಗರಾಡಳಿತ ತನ್ನ ಜೇಬಿನಿಂದ ಕೊಡಬೇಕು. ಮುಂದಿನ ಸಲ ಕ್ಯಾಮೆರಾ ಟೆಂಡರ್ ಕರೆದಾಗ ಅದರ ಷರತ್ತುಗಳಲ್ಲಿ ಈ ಸೌಲಭ್ಯ ಇದೆಯೇ, ಪ್ರತಿ ಸಿಗ್ನಲ್‌ನ ಹಳದಿ ಅವಧಿಯನ್ನು ವೇಗಮಿತಿಯೊಂದಿಗೆ ಹೊಂದಿಸಿ ಪ್ರಕಟಿಸಬೇಕೆಂಬ ಕಲಮು ಇದೆಯೇ ಎಂದು ನೋಡಿದರೆ, ಅದನ್ನು ಕರೆದವರ ಆಸಕ್ತಿ ಯಾವ ಗುಂಪಿನ ಮೇಲಿದೆ ಎಂಬುದು ತಿಳಿದುಹೋಗುತ್ತದೆ.